ಆರಿದ ಮೇಲೆ ಬಂದ ಬೆಳಕು

ಫೆಬ್ರವರಿ 4

ಅಕ್ಕನವರಿಗೆ,

ಕ್ಷೇಮ, ಕುಶಲ, ಹವಾಮಾನ ಎಲ್ಲ ಬಿಟ್ಟು ನೇರ ವಿಷಯಕ್ಕೆ ಬರುತ್ತೇನೆ. "ಪ್ರಾಸಪ್ಪ, ಪೀಠಿಕೆ ಸಾಕು, ಪಾಠ ಶುರುಮಾಡು" ಎಂದು ನೀವು ಅಲ್ಲಿಂದಲೇ ಗದರುವುದು ಇಲ್ಲಿಗೆ ಕೇಳಿಸುತ್ತಿದೆ.

ನಮ್ಮ ದೂರದರ್ಶಕವನ್ನು ಹೋದ ತಿಂಗಳು ಆರಿಸಿದರು. ಇಷ್ಟು ವರ್ಷ ಭೂಮಿಯ ಸುತ್ತ ತಿರುಗುತ್ತ ಗಾಮಾ ಕಿರಣ ಹಿಡಿದುಕೊಟ್ಟ ಪೆಟ್ಟಿಗೆ ಈಗ ಬರೀ ಪೆಟ್ಟಿಗೆ. ನಾವಿಬ್ಬರೂ ಬೆನ್ನಿಗೆ ಬೆನ್ನು ಕೊಟ್ಟು ಕೂತು ಅದರ ಚಿತ್ರ ನೋಡುತ್ತಿದ್ದ ಕೋಣೆ ಈಗ ಉಗ್ರಾಣ. ನಿಮ್ಮ ಕುರ್ಚಿಯ ಮೇಲೆ ಕೆಟ್ಟುಹೋದ ಪ್ರಿಂಟರ್ ಕೂತಿದೆ. ನೀವು ಹೋದ ಮೇಲೆ ಆ ಜಾಗಕ್ಕೆ ಬಂದವರಲ್ಲಿ ಸದ್ದು ಮಾಡದೆ ಇರುವುದು ಅದೊಂದೇ.

ಮೇ ಕೊನೆಗೆ, ಹಿಡಿದ ಕಿರಣಗಳ ನಮ್ಮ ಅಂತಿಮ ಪಟ್ಟಿ ಮುಚ್ಚುತ್ತದೆ. ನಿಮ್ಮನ್ನು ಮನೆಗೆ ಕಳಿಸಿ ತಂದರಲ್ಲ, ಚಿತ್ರ ಓದುವ ಪ್ರೋಗ್ರಾಂ, ಅದು ತನಗೆ ಅರ್ಥವಾಗದ್ದನ್ನೆಲ್ಲ ಒಂದು ಮೂಲೆಗೆ ತಳ್ಳುತ್ತಿತ್ತು. ಆ ಮೂಲೆಯನ್ನು ಕೆದಕುವಾಗ ನನಗೊಂದು ಚಿತ್ರ ಸಿಕ್ಕಿತು. ನೋಡಿದೆ, ಗುರುತು ಹಾಕಿದೆ, ಗುರುತನ್ನು ಲಕೋಟೆಯಲ್ಲಿಟ್ಟು ಅಂಟಿಸಿದೆ. ಅಲ್ಲಿಗೆ ಸುಮ್ಮನಿದ್ದಿದ್ದರೆ ನಾನು ನಾನಾಗಿರುತ್ತಿರಲಿಲ್ಲ. ಚಹಾದ ಹೊತ್ತಿಗೆ ಚಿತ್ರವನ್ನು ಎತ್ತಿಕೊಂಡು ಹೋಗಿ ಎಲ್ಲರಿಗೂ ತೋರಿಸಿದೆ. ತೋರಿಸಿದ್ದಷ್ಟೇ ಅಲ್ಲ, ಏನೆಂದು ಗುರುತು ಹಾಕಿದೆ ಅನ್ನುವುದನ್ನೂ ಬಿಸ್ಕತ್ತಿನ ಜೊತೆಗೆ ಹಂಚಿದೆ. ಚಿತ್ರ ಓದಬಲ್ಲವರು ಇಲ್ಲಿ ಉಳಿದಿರುವುದೇ ಆ ಮೇಜಿನ ಸುತ್ತ ಹಿಡಿಸುವಷ್ಟು ಜನ.

ನಮ್ಮ ವಿಭಾಗದ ದೊಡ್ಡವರು ಲೋಟ ಕೆಳಗಿಟ್ಟು, "ನಿಯಮ ಮರ್ತೆಯೇನಯ್ಯಾ? ಮೊದಲನೆಯವರ ಗುರುತು ಎರಡನೆಯವರ ಕಿವಿಗೆ ಬೀಳಬಾರದು. ಇಲ್ಲಿ ಎಲ್ಲರ ಕಿವಿಗೂ ಬಿತ್ತು. ಇನ್ನು ಎರಡನೇ ಜೊತೆ ಕಣ್ಣು ಎಲ್ಲಿಂದ ತರ್ತೀಯ?" ಎಂದರು.

ನಿಮ್ಮಿಂದ ತರುತ್ತೇನೆ ಎಂದೆ.

ಈ ಚಿತ್ರ ಯಾವ ಹಾಡಿಗೆ ಸೇರಿದ್ದು ಅಂತ ನಿಮಗೆ ಗೊತ್ತೇ ಇದೆ, ನಾನು ಇಷ್ಟು ವರ್ಷ ಹಾಡಿದ್ದು ಅದೊಂದೇ. ಶಾಲೆಯ ಮಕ್ಕಳು ನೋಡಲು ಬಂದಾಗ ನೀವು ಹೇಳುತ್ತಿದ್ದಿರಿ: "ದೊಡ್ಡ ನಕ್ಷತ್ರ ಕುಸಿಯುತ್ತೆ ಮಕ್ಕಳೇ, ಒಳಗಿಂದ ಗಾಮಾ ಕಿರಣದ ಧಾರೆ ಚಿಮ್ಮುತ್ತೆ. ದೀರ್ಘ ಸ್ಫೋಟ ಅಂತೀವಿ, ದೀರ್ಘ ಅಂದ್ರೂ ನಿಮಿಷದ ಮಾತು. ಸಣ್ಣ ಶಕ್ತಿಯವು ಹೊತ್ತಿಗೆ ಸರಿಯಾಗಿ ಬಂದು ಹೋಗ್ತವೆ. ದೊಡ್ಡ ಶಕ್ತಿಯವು ತಡವಾಗಿ ಬಂದು, ಎಲ್ಲರೂ ಎದ್ದು ಹೋದ್ಮೇಲೂ ಕೂತಿರ್ತವೆ, ನಮ್ಮ ಮಾವನ ಥರ." ಮಕ್ಕಳು ನಗುತ್ತಿದ್ದರು. ಎಷ್ಟು ಹೊತ್ತು ಕೂತಿರುತ್ತವೆ ಅನ್ನುವುದೇ ನನ್ನ ಜಗಳ. ಕೆಲವು ನಿಮಿಷ ಎಂದು ಎಲ್ಲರೂ, ಒಂದು ಗಂಟೆಗೂ ಮೀರಿ ಎಂದು ನಾನು. ಪಟ್ಟಿ ಮುಚ್ಚಿದ ಮೇಲೆ ನಾನು ಒಂದು ಕಾಲೇಜಿಗೆ ಪಾಠ ಹೇಳಲು ಹೋಗುತ್ತೇನೆ. ಮತ್ತೆ ಜಗಳಕ್ಕೆ ಜಾಗವಿಲ್ಲ, ಸಾಕ್ಷಿಗೆ ಸಮಯವಿಲ್ಲ. ಈ ಒಂದು ಚಿತ್ರ ಪಟ್ಟಿಗೆ ಸೇರಬೇಕು.

ಫೋನ್ ಯಾಕೆ ಮಾಡಲಿಲ್ಲ ಅಂದರೆ, ನನ್ನ ದನಿ ಕೇಳಿದರೆ ನಿಮಗೆ ನನ್ನ ಗುರುತೂ ಗೊತ್ತಾಗಿಬಿಡುತ್ತದೆ. ಕಾಗದಕ್ಕೆ ದನಿಯಿಲ್ಲ. ಆದೀತೆ?

ನಿಮ್ಮ
ಪ್ರಾಸಪ್ಪ


ಫೆಬ್ರವರಿ 19

ಪ್ರಾಸಪ್ಪ,

ಕಳಿಸು.

ಚಹಾ ಮೇಜಿನಲ್ಲಿ ಬಾಯಿ ಬಿಟ್ಟೆ ಎಂದು ಓದಿ ಆಶ್ಚರ್ಯವಾಗಲಿಲ್ಲ. ಇಷ್ಟು ವರ್ಷ ಬಿಡದೆ ಹೇಗಿದ್ದೆ ಅನ್ನುವುದೇ ಆಶ್ಚರ್ಯ. ನಾನು ಹಿಂದೆ ಕೂತಿದ್ದೆನಲ್ಲ, ಅದಕ್ಕೇ ಇರಬೇಕು.

ನಿಯಮದ ಪ್ರಕಾರವೇ ಆಗಲಿ. ಆ ಚಿತ್ರವನ್ನು ಬೇರೆ ಚಿತ್ರಗಳ ನಡುವೆ ಬೆರೆಸಿ ಕಳಿಸು. ಯಾವುದು ಎಂದು ಹೇಳಬೇಡ, ಸೂಚಿಸಬೇಡ, ಪ್ರಾಸ ಕಟ್ಟಬೇಡ. ನನ್ನ ಗುರುತುಗಳನ್ನು ನಿನಗಲ್ಲ, ದೊಡ್ಡವರಿಗೆ ಕಳಿಸುತ್ತೇನೆ. ಚಿತ್ರಗಳನ್ನು ದೊಡ್ಡದಾಗಿ ಮುದ್ರಿಸು. ಎಷ್ಟು ದೊಡ್ಡದಾದರೂ ಸರಿ, ಈ ಮನೆಯಲ್ಲಿ ಬೆಳಕು ಕಡಿಮೆ.

ನಿನ್ನ ಭಾವ ಚೆನ್ನಾಗಿದ್ದಾರೆ. ಟೈಲರ್ ಅಂಗಡಿ ಈಗ ಅರ್ಧ ದಿನ ಮಾತ್ರ. ಮೊದಲೆಲ್ಲ ಸೂಜಿಗೆ ದಾರ ಪೋಣಿಸು ಎಂದು ನನ್ನನ್ನು ಕೂಗುತ್ತಿದ್ದರು. ಈಗ ತಾವೇ ಪೋಣಿಸಿಕೊಳ್ಳುತ್ತಾರೆ. ಈ ವಯಸ್ಸಿಗೆ ಸ್ವಾವಲಂಬಿ ಆಗಿದ್ದಾರೆ.

ಅಕ್ಕ


ಫೆಬ್ರವರಿ 27

ಅಕ್ಕನವರಿಗೆ,

ಇದರ ಜೊತೆ ನಲವತ್ತು ಚಿತ್ರಗಳಿವೆ. ಗೋಡೆಗೆ ಅಂಟಿಸುವ ಜಾಹೀರಾತಿನಷ್ಟು ದೊಡ್ಡದಾಗಿ ಮುದ್ರಿಸಿದ್ದೇನೆ. ಅಂಚೆಯವರು ಅದನ್ನು ತೂಕಕ್ಕಿಟ್ಟು, "ಸಿನಿಮಾ ಪೋಸ್ಟರಾ?" ಎಂದರು. ಹೌದು, ನಾಯಕ ಒಬ್ಬನೇ, ಮೂವತ್ತೊಂಬತ್ತು ಜನ ಕಳ್ಳರು ಎಂದು ನಾಲಿಗೆ ತುದಿಗೆ ಬಂದಿತ್ತು. ಬಾಯಿ ಮುಚ್ಚಿಕೊಂಡೆ. ನೋಡಿದಿರಾ, ಕಲಿಯುತ್ತಿದ್ದೇನೆ.

ನಿಮಗೆ ನೆನಪಿದೆಯೇ, ನಾನು ಹೊಸದಾಗಿ ಸೇರಿದಾಗ ಚಿತ್ರ ನೋಡುತ್ತ ಗುನುಗುತ್ತಿದ್ದೆ. ನೀವು ತಿರುಗದೆಯೇ ಹಿಂದಕ್ಕೆ ಕೈ ಚಾಚಿ ಅಡಿಪಟ್ಟಿಯಿಂದ ಭುಜಕ್ಕೆ ಒಂದು ಬಿಡುತ್ತಿದ್ದಿರಿ. "ಒಳ್ಳೇದು ಸಿಕ್ಕಿದ್ರೆ ಗುನುಗ್ತೀಯ, ಕಸ ಸಿಕ್ಕಿದ್ರೆ ಸುಮ್ನಿರ್ತೀಯ. ನನ್ನ ಗುರುತು ಹಾಳಾಗುತ್ತೆ, ಬಾಯ್ಮುಚ್ಚು." ನಾನು ಬಿ.ಎಸ್ಸಿ.ಯವರೆಗೂ ಕನ್ನಡದಲ್ಲೇ ಓದಿ ಬಂದವನು, ಕೈಪಿಡಿಯ ಇಂಗ್ಲಿಷ್ ಬಾಯಿಗೆ ಹತ್ತುತ್ತಿರಲಿಲ್ಲ. ಚಿತ್ರದಲ್ಲಿರುವುದು ಗಾಮಾ ಕಿರಣವೇ ಎಂಬುದಕ್ಕೆ ಹಾಕುವ ಮೂರು ಗುರುತುಗಳಿಗೆ 'ಹೌದು, ಅಲ್ಲ, ಹೇಳಲಾರೆ' ಎಂದು ಹೆಸರಿಟ್ಟುಕೊಟ್ಟವರು ನೀವೇ. ಈಗಲೂ ದೊಡ್ಡವರ ಕಪಾಟಿನಲ್ಲಿ ಆ ಮೂರು ಮಾತುಗಳ ರಬ್ಬರ್ ಮೊಹರು ಇದೆ.

ಭಾವನವರ ಸ್ವಾವಲಂಬನೆಗೆ ನನ್ನ ಅಭಿನಂದನೆ. ನಿಮ್ಮ ಕೈಬರಹಕ್ಕೆ ಮಾತ್ರ ಅಭಿನಂದನೆ ಇಲ್ಲ. ಅಕ್ಷರ ಆನೆಯಷ್ಟು, ಸಾಲು ಏಣಿಯಷ್ಟು. ಎರಡನೇ ಸಾಲು ಹತ್ತಿ ಹೋಗಿ ಮೊದಲನೆಯದರ ಹೆಗಲ ಮೇಲೆ ಕೂತಿದೆ. ನಿವೃತ್ತಿಯ ಸೋಮಾರಿತನ ಇಷ್ಟು ಬೇಗ ಬರಬಾರದು.

ಪ್ರಾಸಪ್ಪ


ಏಪ್ರಿಲ್ 5

ಅಕ್ಕನವರಿಗೆ,

ಚಿತ್ರಗಳು ತಲುಪಿದವೆಂದು ಅಂಚೆ ಕಚೇರಿ ಹೇಳುತ್ತದೆ. ನೀವು ಏನೂ ಹೇಳುತ್ತಿಲ್ಲ.

ತಾಳಲಾರದೆ ಫೋನ್ ಮಾಡಿದೆ, ಮಾತು ಆಡಿದ್ದು ಭಾವ. "ಮಲಗಿದಾಳೆ" ಎಂದರು. ಬೆಳಿಗ್ಗೆ ಹನ್ನೊಂದಕ್ಕೆ. ಇನ್ನೊಂದು ದಿನ ಸಂಜೆ ಮಾಡಿದೆ. "ಹೊರಗೆ ಹೋಗಿದಾಳೆ" ಎಂದರು. ಹಿಂದೆ ನೀವು "ಯಾರು?" ಎಂದು ಕೇಳಿದ್ದು ನನಗೆ ಕೇಳಿಸಿತು. ಭಾವ ಅಳತೆಯಲ್ಲಿ ಗಟ್ಟಿ, ಸುಳ್ಳಿನಲ್ಲಿ ಅಲ್ಲ.

ನಿಮಗೆ ಕೋಪವಿರಬಹುದು. ಪ್ರೋಗ್ರಾಂ ಬಂತು ಎಂದು ನಿಮ್ಮನ್ನು ಅವಧಿಗೆ ಮೊದಲೇ ಕಳಿಸಿಕೊಟ್ಟರು, ಒಂದು ಗೋಡೆ ಗಡಿಯಾರ ಕೊಟ್ಟು ಕೈ ತೊಳೆದುಕೊಂಡರು. ಆ ಕೋಪ ನ್ಯಾಯವಾದದ್ದೇ. ಆದರೆ ಅದನ್ನು ನನ್ನ ಚಿತ್ರದ ಮೇಲೆ ತೀರಿಸಬೇಡಿ. ಮೇ ಕೊನೆ ದೂರವಿಲ್ಲ.

ಪ್ರಾಸಪ್ಪ


ಏಪ್ರಿಲ್ 15

ಪ್ರಾಸಪ್ಪ,

ಗುರುತುಗಳನ್ನು ದೊಡ್ಡವರಿಗೆ ಇಂದು ಕಳಿಸಿದೆ. ತಡವಾಯಿತು. ಚಿತ್ರಗಳನ್ನು ಕಿಟಕಿಯ ಗಾಜಿಗೆ ಅಂಟಿಸಿ ಹಗಲು ಬೆಳಕಿನಲ್ಲಿ ನೋಡುತ್ತಿದ್ದೆ. ಒಂದೊಂದಕ್ಕೂ ತುಂಬ ಹೊತ್ತು ಕೊಟ್ಟಿದ್ದೇನೆ, ಅಷ್ಟನ್ನು ಮಾತ್ರ ನಂಬು. ಗಡಿಯಾರ ಚೆನ್ನಾಗಿ ನಡೆಯುತ್ತಿದೆ, ಅದರ ಮೇಲೂ ಕೋಪವಿಲ್ಲ.

ನಮ್ಮ ಕೋಣೆಯ ಕಿಟಕಿಯೇ ನೆನಪಾಗುತ್ತಿತ್ತು. ಮಧ್ಯಾಹ್ನ ಎದುರಿನ ಗೋಡೆಗೆ ಬಿಸಿಲು ಬಿದ್ದು, ಅದರ ಹಳದಿ ನಮ್ಮ ಮೇಜಿನವರೆಗೂ ಬರುತ್ತಿತ್ತಲ್ಲ, ಕಾಗದವೆಲ್ಲ ಹಳೆಯದಾದ ಹಾಗೆ ಕಾಣುತ್ತಿತ್ತು. ಆ ಹೊತ್ತಿನಲ್ಲಿ ನಾನು ಎಷ್ಟೋ ಸಲ ಗುರುತು ಹಾಕದೆ ಸುಮ್ಮನೆ ಚಿತ್ರ ನೋಡುತ್ತ ಕೂತಿರುತ್ತಿದ್ದೆ. ನೀನು "ಅಕ್ಕ, ಆಯ್ತಾ?" ಅನ್ನುತ್ತಿದ್ದೆ. ಆಗಿ ಬಹಳ ಹೊತ್ತಾಗಿರುತ್ತಿತ್ತು. ಕಿರಣ ಬಂದು ಬಡಿದು ಎರಡಾಗಿ ಕವಲೊಡೆಯುವುದಿದೆಯಲ್ಲ, ಅದನ್ನು ನೋಡುವುದಕ್ಕೆ ಸಂಬಳವನ್ನೂ ಕೊಡುತ್ತಿದ್ದರು ಎಂದರೆ ಈಗ ನಂಬಲಾಗದು.

ಆ ಗೋಡೆ ಇನ್ನೂ ಹಳದಿಯೇ ಇದೆಯೇ?

ಅಕ್ಕ


ಏಪ್ರಿಲ್ 26

ಮಾನ್ಯರೇ,

ದೊಡ್ಡವರು ಲಕೋಟೆ ಒಡೆದರು. ನಲವತ್ತಕ್ಕೆ ನಲವತ್ತೂ 'ಹೇಳಲಾರೆ.'

ಬೆರೆಸಿ ಕಳಿಸಿದ ಚಿತ್ರಗಳಲ್ಲಿ ಮೇಲಿಂದ ಕೆಳಗೆ ದಪ್ಪ ಗೆರೆ ಎಳೆದ ಹಾಗೆ ಹಾದುಹೋದ ಕಸವೂ ಇತ್ತು. ಅಂಥದ್ದಕ್ಕೆ 'ಅಲ್ಲ' ಅನ್ನಲು ನಮ್ಮ ಕಾವಲಿನವರು ಸಾಕು. ಅದಕ್ಕೂ 'ಹೇಳಲಾರೆ' ಎಂದಿದ್ದೀರಿ. ಮೊದಲ ವಾರ ನಾನು ಕಲಿತ ಪಾಠವದು, ನಿಮ್ಮ ಬಾಯಿಂದಲೇ.

ದೊಡ್ಡವರು, "ಇದು ಗುರುತಲ್ಲಯ್ಯಾ, ಮುಷ್ಕರ" ಎಂದರು. ನಾನು ನಿಮ್ಮ ಪರ ಮಾತಾಡಲು ಬಾಯಿ ತೆರೆದೆ. ಬಂದದ್ದು 'ಇನ್ನೊಮ್ಮೆ ಎಣಿಸೋಣ' ಎಂಬುದಷ್ಟೇ.

ನನ್ನದು 'ಹೌದು', ನಿಮ್ಮದು 'ಹೇಳಲಾರೆ'. ಎರಡೂ ಹೊಂದದಿದ್ದರೆ ಚಿತ್ರ ಪಟ್ಟಿಗಿಲ್ಲ. ಒಲ್ಲೆ ಅಂದಿದ್ದರೆ ಫೆಬ್ರವರಿಯಲ್ಲೇ ಬೇರೆ ದಾರಿ ಹುಡುಕುತ್ತಿದ್ದೆ. ನೀವು 'ಕಳಿಸು' ಎಂದು ಬರೆದಿರಿ. ನಾನು ಅದನ್ನು ಜೇಬಿನಲ್ಲಿಟ್ಟುಕೊಂಡು ಓಡಾಡಿದೆ.

ಗೋಡೆಯ ಬಣ್ಣದ ವಿಚಾರ ಬರೆಯಲು ಈಗ ಮನಸ್ಸಿಲ್ಲ.

ಇಂತಿ,
ನಿಮ್ಮ ಹಳೆಯ ಸಹೋದ್ಯೋಗಿ


ಮೇ 22

ತಮ್ಮಾ,

ನಾನು ನಿನ್ನ ಭಾವ. ಅವಳು ಹೇಳುತ್ತಾಳೆ, ನಾನು ಬರೆಯುತ್ತೇನೆ. ನನ್ನ ಮಾತು ಕಂಸದೊಳಗೆ ಇರುತ್ತದೆ. (ಇದು ನನ್ನ ಷರತ್ತು. ಸಂಬಳವಿಲ್ಲದ ಗುಮಾಸ್ತನಿಗೆ ಇಷ್ಟಾದರೂ ಬೇಡವೇ.)

ಪ್ರಾಸಪ್ಪ, ನಿನ್ನ ಕಾಗದವನ್ನು ಇವರು ನನಗೆ ಓದಿ ಹೇಳಲು ಇಷ್ಟು ದಿನ ತೆಗೆದುಕೊಂಡರು. 'ಮಾನ್ಯರೇ' ಅನ್ನುವುದನ್ನು 'ಅಕ್ಕನವರಿಗೆ' ಎಂದೇ ಓದಿದರು. ಆಮೇಲೆ ದನಿ ತೊಡರಿತು, ಸಿಕ್ಕಿಬಿದ್ದರು. (ಸುಳ್ಳಿನಲ್ಲಿ ನಾನು ಗಟ್ಟಿಯಲ್ಲ ಎಂದು ನೀನೇ ಬರೆದಿದ್ದೀಯ.)

ನನ್ನ ಕಣ್ಣು ಹೋಗುತ್ತಿದೆ. ಪೂರ್ತಿ ಅಲ್ಲ, ನಡುಭಾಗ. ಒಳಗಿನ ಪರದೆ ನಡುವಿನಲ್ಲಿ ಸವೆದಿದೆಯಂತೆ. ಏನನ್ನು ನೋಡಬೇಕು ಅಂದುಕೊಳ್ಳುತ್ತೇನೋ ಸರಿಯಾಗಿ ಅದರ ಮೇಲೇ ಒಂದು ಬೂದು ಬಿಲ್ಲೆ ಕೂತಿರುತ್ತದೆ. ಸುತ್ತಲಿನದು ಕಾಣುತ್ತದೆ. ನಿನ್ನ ಭಾವನನ್ನು ನೋಡಿದರೆ ಮುಖವಿಲ್ಲ, ಎರಡು ಕಿವಿ ಇವೆ. (ಕಿವಿ ಚೆನ್ನಾಗಿವೆ ಅನ್ನುತ್ತಾಳೆ. ಮದುವೆಯಾಗಿ ಇಷ್ಟು ವರ್ಷಕ್ಕೆ ಮೊದಲ ಹೊಗಳಿಕೆ.)

ನಿನ್ನ ಮೊದಲ ಕಾಗದ ಬಂದಾಗ ಇಲ್ಲ ಅನ್ನಬೇಕಿತ್ತು. ಅನ್ನಲಿಲ್ಲ. ಮನೆಯ ಹೊರಗೆ ಯಾರಿಗೂ ಹೇಳಿರಲಿಲ್ಲ. ಪ್ರೋಗ್ರಾಂ ಬಂದು ನನ್ನನ್ನು ಕಳಿಸಿದರು ಅನ್ನುವುದು ಗೌರವದ ಮಾತು, ಅದರ ಮರೆಯಲ್ಲಿ ಆರಾಮವಾಗಿದ್ದೆ. ಜೊತೆಗೆ, ದೊಡ್ಡದಾಗಿ ಮುದ್ರಿಸಿದರೆ ಕಂಡೀತು ಎಂಬ ಆಸೆ. ಕಿಟಕಿಗೆ ಅಂಟಿಸಿ ಓರೆಯಾಗಿ ನೋಡಿದೆ, ತಲೆ ತಿರುಗಿಸಿ ನೋಡಿದೆ, ಬೂದು ಬಿಲ್ಲೆಯನ್ನು ಪಕ್ಕಕ್ಕೆ ಸರಿಸಿ ಅದರ ಅಂಚಿನಿಂದ ನೋಡಿದೆ. (ಕುತ್ತಿಗೆ ಹಿಡಿದು ನಾಲ್ಕು ದಿನ ಎಣ್ಣೆ ತಿಕ್ಕಿದ್ದು ನಾನು.) ದಪ್ಪ ಗೆರೆಯ ಕಸ ಯಾವುದೆಂದು ಊಹಿಸಬಹುದಿತ್ತು. ಊಹೆಗೆ ನಮ್ಮಲ್ಲಿ ಮೊಹರಿಲ್ಲ. ಕಾಣದಿದ್ದರೆ ಏನು ಹಾಕಬೇಕೋ ಅದನ್ನೇ ಹಾಕಿದೆ, ನಲವತ್ತಕ್ಕೂ. ಮುಷ್ಕರವಲ್ಲ ಮಾರಾಯ, ನಾನು ಮಾಡಿದ್ದರಲ್ಲೆಲ್ಲ ಅತಿ ನಿಷ್ಠೆಯ ಕೆಲಸ ಅದು.

ದೊಡ್ಡವರಿಗೆ ಈ ವಿಷಯ ತಿಳಿಸು. ನನ್ನ ಗುರುತುಗಳನ್ನು ಲೆಕ್ಕಕ್ಕೆ ಹಿಡಿಯುವುದು ಬೇಡ. ಅದರಿಂದ ನಿನಗೆ ಅನುಕೂಲವಾಗುವುದಿಲ್ಲ ಎಂದು ಗೊತ್ತು, ಎರಡನೇ ಕಣ್ಣು ಆಗಲೂ ಇರುವುದಿಲ್ಲ. ನಿನ್ನ ನಾಲ್ಕು ತಿಂಗಳು ನನ್ನ ಆಸೆಗೆ ಹೋಯಿತು.

ಒಂದು ಮಾತು ಕೇಳುತ್ತೇನೆ. ನಾನಿನ್ನು ಸಾಕ್ಷಿಯಲ್ಲ. ನನ್ನೊಡನೆ ಮಾತಾಡಬಾರದು ಅನ್ನುವ ನಿಯಮ ಇನ್ನು ನಿನಗಿಲ್ಲ. ಆ ಚಿತ್ರ ಹೇಗಿದೆ, ಹೇಳು. ಇಲ್ಲೇ ಕಿಟಕಿಯ ಮೇಲೆ ಇದ್ದರೂ ಇರಬಹುದು, ನನಗೆ ಸಿಕ್ಕಿಲ್ಲ. ಇವರನ್ನು ಕೇಳಿದರೆ "ಒಂದು ಗೆರೆ, ಒಂದಷ್ಟು ಚುಕ್ಕೆ" ಅನ್ನುತ್ತಾರೆ. (ಇರುವುದೇ ಅಷ್ಟು.) ನೀನು ಹೇಳು.

ಅಕ್ಕ
(ಮತ್ತು ಭಾವ)


ಜೂನ್ 4

ಅಕ್ಕನವರಿಗೆ,

'ಅಕ್ಕನವರಿಗೆ' ಎಂದೇ ಬರೆದಿದ್ದೇನೆ, ಭಾವ ಈ ಸಲ ಬದಲಿಸಿ ಓದುವುದು ಬೇಕಿಲ್ಲ. 'ಮಾನ್ಯರೇ' ಅಂದದ್ದಕ್ಕೆ ಕ್ಷಮೆ ಕೇಳಲು ಪ್ರಾಸ ಹುಡುಕಿದೆ, ಸಿಗಲಿಲ್ಲ. ಹಾಗೆಯೇ ಕೇಳುತ್ತೇನೆ. ಸೂಜಿ ಮತ್ತು ದಾರ ಎಂದು ನೀವು ಬರೆದಾಗ ನಾನು ಅಭಿನಂದನೆ ಕಳಿಸಿದೆ. ಚಿತ್ರ ಓದುವವನಂತೆ ನಾನು.

ದೊಡ್ಡವರಿಗೆ ಹೇಳಿದೆ. "ನಲವತ್ತನ್ನೂ ನೋಡಿದ್ರಾ ಅವರು?" ಎಂದರು. ನೋಡಿದರು ಎಂದೆ. ಎದ್ದು ಹೋಗಿ ನಿಮ್ಮ ಕುರ್ಚಿಯ ಮೇಲಿದ್ದ ಪ್ರಿಂಟರನ್ನು ತಾವೇ ಎತ್ತಿ ನೆಲಕ್ಕಿಟ್ಟು ಬಂದರು. ಅವರಿಂದ ಆದದ್ದು ಅಷ್ಟು. ಮೇ ಮುಗಿಯಿತು, ಪಟ್ಟಿ ಮುಚ್ಚಿತು, ಚಿತ್ರ ಅದರಲ್ಲಿಲ್ಲ. ಎದುರಿನ ಗೋಡೆಗೆ ಬಿಳಿ ಬಳಿದಿದ್ದಾರೆ. ಮಧ್ಯಾಹ್ನ ನಮ್ಮ ಮೇಜಿಗೆ ಬರುವ ಬೆಳಕು ಈಗ ಆಸ್ಪತ್ರೆಯದರ ಹಾಗಿದೆ. ಹಳದಿಯನ್ನೇ ನೆನಪಿಟ್ಟುಕೊಳ್ಳಿ.

ಚಿತ್ರ ಹೇಗಿದೆ ಎಂದು ಕೇಳಿದಿರಿ. ಬರೆದೆ, ಹರಿದೆ, ಮತ್ತೆ ಬರೆದೆ. ಮಾತಿನಲ್ಲಿ ಅದು ಭಾವ ಹೇಳಿದಷ್ಟೇ ಆಗುತ್ತದೆ, ಒಂದು ಗೆರೆ, ಒಂದಷ್ಟು ಚುಕ್ಕೆ. ಅದಕ್ಕೆ ಬೇರೆ ದಾರಿ ಹಿಡಿದಿದ್ದೇನೆ. ಭಾವ, ಇಲ್ಲಿಂದ ಮುಂದೆ ಒಂದೊಂದು ವಾಕ್ಯ ಓದಿ, ನಿಲ್ಲಿಸಿ, ಹೇಳಿದ ಹಾಗೆ ಮಾಡಿ. ಕಂಸಕ್ಕೆ ಅವಕಾಶವಿಲ್ಲ.

ಅಕ್ಕನ ಅಂಗೈಯನ್ನು ಬಿಡಿಸಿ, ಬೆರಳುಗಳು ಮೇಲಕ್ಕಿರಲಿ. ಅದೇ ನಮ್ಮ ಪೆಟ್ಟಿಗೆ. ಬೆರಳ ತುದಿಗಳು ಪೆಟ್ಟಿಗೆಯ ಮೇಲಿನ ಹೊದಿಕೆ, ಮಣಿಕಟ್ಟು ಅದರ ತಳ.

ದೂರದಲ್ಲಿ ಒಂದು ನಕ್ಷತ್ರ ಕುಸಿದು, ಸ್ಫೋಟ ಬಂದು, ಎಲ್ಲ ಆರಿ, ಒಂದು ಗಂಟೆಯ ಮೇಲಾಗಿದೆ. ಈಗ ಸ್ವಲ್ಪ ಹೊತ್ತು ಏನೂ ಮಾಡಬೇಡಿ. ಕೈಯನ್ನು ಸುಮ್ಮನೆ ಹಿಡಿದುಕೊಂಡಿರಿ.

ನಡುಬೆರಳ ತುದಿಯಿಂದ ಅದು ಒಳಗೆ ಬರುತ್ತದೆ. ಮುಟ್ಟಬೇಡಿ. ಗಾಮಾ ಕಿರಣ ಬರುವಾಗ ಗುರುತು ಬಿಡುವುದಿಲ್ಲ. ಅಂಗೈಯ ನಡುವಿನವರೆಗೂ ಖಾಲಿ.

ನಡುವಿನಲ್ಲಿ ಉಗುರಿನಿಂದ ಒಂದು ಚುಕ್ಕೆ ಒತ್ತಿ. ಇಲ್ಲಿ ಬಡಿಯಿತು.

ಅಲ್ಲಿಂದ ಎರಡು ಬೆರಳು ಜೋಡಿಸಿ ಕೆಳಕ್ಕೆ ಎಳೆಯಿರಿ. ಒಂದೇ ಗೆರೆ ಅನ್ನಿಸಬೇಕು. ಅಕ್ಕ, ಇಷ್ಟು ಬಿಗಿಯಾದ ಕವಲನ್ನು ನಾವು ನೋಡಿದ್ದು ಅಪರೂಪ. ಶಕ್ತಿ ಹೆಚ್ಚಿದ್ದಷ್ಟೂ ಕವಲು ಕಿರಿದು ಎಂದು ಹೇಳಿಕೊಟ್ಟವರು ನೀವೇ. ಭಾವ, ಮಣಿಕಟ್ಟಿನ ಹತ್ತಿರ ಬಂದಾಗ ಬೆರಳುಗಳನ್ನು ಒಂದು ದಾರ ತೂರುವಷ್ಟು ಅಗಲಿಸಿ, ಅದಕ್ಕಿಂತ ಹೆಚ್ಚು ಬೇಡ.

ಮಣಿಕಟ್ಟಿನ ಮೇಲೆ ಐದೂ ಬೆರಳು ಊರಿ ಗಟ್ಟಿಯಾಗಿ ಒತ್ತಿ. ಶಕ್ತಿ ಅಳೆಯುವ ತಳದ ಹರಳಿನ ದಿಮ್ಮಿಗಳು ಹೀಗೆ ಹೊತ್ತಿಕೊಂಡಿವೆ, ನಮ್ಮ ಕೋಣೆಗೆ ಬಂದ ಯಾವ ಚಿತ್ರದಲ್ಲೂ ಇಷ್ಟು ಹೊತ್ತಿಕೊಂಡಿರಲಿಲ್ಲ.

ಮೊದಲ ಸಲ ಬರೆದಾಗ ಇಲ್ಲಿಗೆ ನಿಲ್ಲಿಸಿದ್ದೆ. ಇನ್ನೊಂದು ಇದೆ.

ತೋರುಬೆರಳ ತುದಿಯನ್ನು ಒಮ್ಮೆ ಮೆಲ್ಲಗೆ ತಟ್ಟಿ. ಹೊದಿಕೆಯ ಒಂದು ಬಿಲ್ಲೆಗೆ ಏನೋ ತಾಗಿದೆ. ಗಾಮಾ ಕಿರಣ ತಾಗದೆ ದಾಟುತ್ತದೆ ಭಾವ, ಹೊರಗಿನಿಂದ ಹಾದುಬಂದ ಕಸ ಹೊದಿಕೆಗೆ ತಾಗುತ್ತದೆ. ತಳದಲ್ಲಿ ಇಷ್ಟು ಜೋರಾಗಿ ಹೊತ್ತಿಕೊಂಡಾಗ ಒಂದು ಹನಿ ಹಿಂದಕ್ಕೆ ಸಿಡಿದರೂ ತಾಗುತ್ತದೆ. ಕಿರಣ ಬಂದ ದಾರಿ ನಡುಬೆರಳಿನದು, ತಟ್ಟಿದ್ದು ಪಕ್ಕದ ಬೆರಳಿಗೆ. ಸಿಡಿದ ಹನಿಯೇ ಎಂದು ನಾನು 'ಹೌದು' ಹಾಕಿದೆ. ಗುರುತು ಹಾಕುವಾಗ ಈ ಬಿಲ್ಲೆಯನ್ನು ಕಂಡಿದ್ದೆ, ಕಂಡು ದಾಟಿ ಹೋಗಿದ್ದೆ. ನಿಮ್ಮ ಅಂಗೈಯ ಮೇಲೆ ಬರೆಯಲು ಕೂತಾಗ ದಾಟಲು ಆಗಲಿಲ್ಲ. ಈಗ ಯಾರಾದರೂ ಕೇಳಿದರೆ ನಾನೂ ಹೇಳಲಾರೆ.

ಇಷ್ಟೇ ಚಿತ್ರ. ಇದಾದ ಮೇಲೆ ಆ ದಿಕ್ಕಿನಿಂದ ಏನೂ ಬರಲಿಲ್ಲ.

ಭಾವ, ಬೇಸರವಿಲ್ಲದಿದ್ದರೆ ಮೊದಲಿನಿಂದ ಇನ್ನೊಮ್ಮೆ ಎಳೆಯಿರಿ. ಮೊದಲ ಸಲಕ್ಕೆ ಅವರು ಯಾವತ್ತೂ ಗುರುತು ಹಾಕಿದವರಲ್ಲ.

ಪ್ರಾಸಪ್ಪ